ಡೌಟಪ್ಪನ ಗೂಡಿನಲ್ಲಿ ಉಳಿದ ಚಪ್ಪಲಿ

ಸಮುದ್ರಕ್ಕೆ ಬಂದವರು ಮೊದಲು ನೀರನ್ನು ನೋಡುತ್ತಾರೆ. ಡೌಟಪ್ಪ ಮೊದಲು ಬಂದವರ ಕಾಲನ್ನು ನೋಡುತ್ತಾನೆ. ಅದು ಅವನ ಕಸುಬು. ಜನ ನೀರಿಗಿಳಿಯುವ ಜಾಗದ ಪಕ್ಕ, ಬಂಡೆಗೆ ಬೆನ್ನು ಕೊಟ್ಟು ನಿಂತ ತಗಡಿನ ಸೂರೊಂದರ ಕೆಳಗೆ, ಸಾಲು ಸಾಲು ಮರದ ಗೂಡು ಮಾಡಿಕೊಂಡು ಅವನು ಚಪ್ಪಲಿ ಕಾಯುತ್ತಾನೆ. ಚಪ್ಪಲಿ ಕೊಟ್ಟವರಿಗೆ ದಾರ ಪೋಣಿಸಿದ ತಗಡಿನ ಬಿಲ್ಲೆ ಕೊಡುತ್ತಾನೆ. ಅದನ್ನು ಕೈಗೆ ಕಟ್ಟಿಕೊಂಡು ನೀರಿಗಿಳಿಯಬೇಕು, ತಂದುಕೊಟ್ಟು ಚಪ್ಪಲಿ ತೆಗೆದುಕೊಳ್ಳಬೇಕು. ಬಿಲ್ಲೆ ಇಲ್ಲದೆ ಸಾಕ್ಷಾತ್ ಅಳಿಯನೇ ಬಂದು ಕೇಳಿದರೂ ಚಪ್ಪಲಿ ಸಿಗುವುದಿಲ್ಲ. ಅಳಿಯ ಒಮ್ಮೆ ಕೇಳಿದ್ದ, ಸಿಕ್ಕಿರಲಿಲ್ಲ. ಮಗಳು ಅದಕ್ಕಾಗಿ ಅಪ್ಪನ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು.

ಡೌಟಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರು ಇಟ್ಟಿದ್ದು, ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿದೆ. ಹಾಲಿನವನು ನಗುನಗುತ್ತಾ ಮಾತಾಡಿಸಿದರೆ ಹಾಲಿಗೆ ನೀರು ಬಿದ್ದಿದೆ ಎಂದು ಅವನಿಗೆ ಅನುಮಾನ. ನಗದೆ ಮಾತಾಡಿಸಿದರೆ ಇನ್ನೂ ಜಾಸ್ತಿ ಬಿದ್ದಿದೆ ಎಂದು ಅನುಮಾನ. ಅಳಿಯ ಮೊದಲ ಸಲ ಮನೆಗೆ ಬಂದಾಗ ಇವನು ಹುಡುಗನ ಮುಖ ನೋಡಲಿಲ್ಲ. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಅವನ ಚಪ್ಪಲಿ ತಿರುಗಿಸಿ ತಿರುಗಿಸಿ ನೋಡಿದ. ಎರಡು ಹಿಮ್ಮಡಿಯೂ ಒಂದೇ ಸಮ ಸವೆದಿವೆ, ಆಸಾಮಿ ಪರವಾಗಿಲ್ಲ ಎಂದು ಒಳಗೆ ಬಂದು ಹೆಂಡತಿಯ ಕಿವಿಯಲ್ಲಿ ಹೇಳಿದ್ದ. ಹೆಂಡತಿ ತಲೆ ಚಚ್ಚಿಕೊಂಡಿದ್ದಳು.

ಆದರೆ ಅವನ ಅನುಮಾನವನ್ನು ಬರೀ ತಮಾಷೆ ಮಾಡಿ ಬಿಡುವ ಹಾಗಿಲ್ಲ. ಸಂಜೆ ಎಲ್ಲರೂ ಮನೆಗೆ ಹೋದಮೇಲೆ ಗೂಡಿನಲ್ಲಿ ಒಂದು ಜೋಡಿ ಉಳಿಯಿತು ಅಂದರೆ ಅದರ ಅರ್ಥ ಒಂದೇ. ಚಪ್ಪಲಿಯ ಯಜಮಾನ ಇನ್ನೂ ನೀರಿನಲ್ಲಿದ್ದಾನೆ. ಹಾಗೆ ಉಳಿದ ಚಪ್ಪಲಿಗಳನ್ನು ಅವನು ಈ ಜನ್ಮದಲ್ಲಿ ಕಂಡಿದ್ದಾನೆ, ಅವುಗಳ ಪಟ್ಟಿಯ ಬಣ್ಣವನ್ನೂ ಮರೆತಿಲ್ಲ. ಅದಕ್ಕೇ ಹೊತ್ತು ಇಳಿಯುತ್ತಿದ್ದ ಹಾಗೆ ಅವನು ಉಳಿದ ಜೋಡಿಗಳನ್ನು ಮತ್ತೆ ಮತ್ತೆ ಎಣಿಸುತ್ತಾನೆ. ಒಮ್ಮೆ ಇಂಥದೇ ಒಂದು ಜೋಡಿ ಉಳಿದಾಗ ಬೊಬ್ಬೆ ಹೊಡೆದು ದೋಣಿ ಇಳಿಸಿದ್ದ. ನೀರಿನಲ್ಲಿ ಹೋದನೆಂದುಕೊಂಡ ಮನುಷ್ಯ ಇವನ ಹೆಂಡತಿಯ ಅಂಗಡಿಯಲ್ಲೇ ಕೂತು ಹುರಿದ ಮೀನಿನ ಮುಳ್ಳು ಚೀಪುತ್ತಿದ್ದ. ಆ ಕಥೆಯನ್ನು ಊರು ಇವತ್ತಿಗೂ ಚಹಾದ ಜೊತೆ ನಂಜಿಕೊಳ್ಳುತ್ತದೆ.

ಹೆಂಡತಿಯ ಅಂಗಡಿ ಇವನ ಸೂರಿನ ಎದುರಿಗೇ ಇದೆ. ಒಂದು ದೊಡ್ಡ ಕಾವಲಿ, ಎರಡು ಬೆಂಚು, ಬೆಳಿಗ್ಗೆ ದೋಣಿಯಿಂದ ಇಳಿದ ಮೀನು. ಖಾರ ಹಚ್ಚಿದ ಮೀನು ಕಾವಲಿಗೆ ಬಿದ್ದು ಚುರ್ ಎಂದಾಗ ದಡದಲ್ಲಿ ಓಡಾಡುವವರ ಕಾಲು ತಾನೇ ತಾನಾಗಿ ಈ ಕಡೆ ತಿರುಗುತ್ತದೆ. ಗಂಡ ಜನರ ಕಾಲು ನೋಡಿ ಅಳೆದರೆ, ಅವಳು ತಿನ್ನುವ ರೀತಿ ನೋಡಿ ಅಳೆಯುತ್ತಾಳೆ. ಅವಳ ಅಳತೆ ಹೆಚ್ಚು ಸರಿ ಎಂದು ಊರಿನ ಅಭಿಪ್ರಾಯ. ಡೌಟಪ್ಪನಿಗೆ ಅದರ ಬಗ್ಗೆಯೂ ಅನುಮಾನವಿದೆ.

ಆ ವಾರ ಲಾಡ್ಜಿನಲ್ಲಿ ಒಂದು ಜೋಡಿ ಬಂದಿಳಿದಿತ್ತು. ಗಂಡ ಐವತ್ತರ ಆಸುಪಾಸು, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಹೆಂಡತಿಯ ಕೈಯಲ್ಲಿ ಯಾವಾಗಲೂ ಒಂದು ಹಸಿರು ಛತ್ರಿ. ಬೆಳಿಗ್ಗೆ ಇಬ್ಬರೂ ಬೂಟು ಹಾಕಿಕೊಂಡು ಬಂಡೆಯ ಹಿಂದಿನ ಗುಡ್ಡದ ದಾರಿಯಲ್ಲಿ ಸಮುದ್ರ ನೋಡುತ್ತಾ ನಡೆದುಬರುತ್ತಿದ್ದರು. ಬಿಸಿಲೇರಿದ ಮೇಲೆ ಚಪ್ಪಲಿಯಲ್ಲಿ ದಡಕ್ಕೆ ಬಂದು ಇವನ ಗೂಡಿನಲ್ಲಿಟ್ಟು ನೀರಿಗಿಳಿಯುತ್ತಿದ್ದರು. ಇಳಿಯುವುದೆಂದರೆ ಗಂಡ ಹಿಮ್ಮಡಿ ನೆನೆಸಿಕೊಂಡು ವಾಪಸ್ಸು ಬರುತ್ತಿದ್ದ ಅಷ್ಟೆ. ಹೆಂಡತಿ ಮೊಣಕಾಲವರೆಗೂ ಹೋಗಿ, ಅಲೆ ಬಂದಾಗ ಸಣ್ಣ ಹುಡುಗಿಯಂತೆ ಕಿರುಚಿ ನಗುತ್ತಿದ್ದಳು. ನಕ್ಕು ಹಿಂತಿರುಗಿ ನೋಡಿದರೆ ಗಂಡ ಕೈಗಡಿಯಾರ ನೋಡುತ್ತಿರುತ್ತಿದ್ದ.

"ಇವರಿಬ್ಬರೂ ಗಂಡ ಹೆಂಡತಿ ಅಲ್ಲ ಕಣೇ," ಎಂದ ಡೌಟಪ್ಪ ಎರಡನೆಯ ದಿನವೇ, ಹೆಂಡತಿಯ ಅಂಗಡಿಯ ಬೆಂಚಿನ ಮೇಲೆ ಕೂತು.

"ಯಾಕೆ, ನಿಮ್ಮ ಬಿಲ್ಲೆ ಹಾಗಂತ ಹೇಳ್ತಾ?"

"ನೋಡು, ಅವನು ಹೇಗೆ ಮುಂದೆ ಮುಂದೆ ಹೋಗ್ತಾನೆ. ಹಿಂದೆ ಬರ್ತಿದ್ದಾಳಾ ಬಿದ್ದಿದ್ದಾಳಾ ಅಂತ ಒಂದ್ಸಲನಾದ್ರೂ ತಿರುಗಿ ನೋಡಿದ್ನಾ?"

ಹೆಂಡತಿ ಮೀನು ಮಗುಚಿದಳು. "ಗಂಡ ಹೆಂಡತಿ ಅನ್ನೋದಕ್ಕೆ ಇನ್ನೇನ್ರೀ ಸಾಕ್ಷಿ ಬೇಕು? ಇಷ್ಟು ವರ್ಷ ನಾನು ನಿಮ್ಮ ಬೆನ್ನು ನೋಡಿಕೊಂಡೇ ಮನೆಗೆ ಬಂದಿದ್ದೀನಿ."

ಡೌಟಪ್ಪ ಎದ್ದುಹೋದ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಂಜೆ ಸೂರಿಗೆ ಬೀಗ ಹಾಕಿದ್ದೇ ತಡ ಅವನು ಮುಂದೆ, ಕಾವಲಿ ಹೊತ್ತುಕೊಂಡು ಅವಳು ಹಿಂದೆ.

ಹಸಿರು ಛತ್ರಿಯ ಹೆಂಗಸು ಇವಳ ಮೀನಿಗೆ ಮನಸೋತಿದ್ದಳು. ಗಂಡ ಎದ್ದು ಕೈ ತೊಳೆದರೂ ಅವಳು ಕಾವಲಿಯ ಪಕ್ಕದಲ್ಲೇ ನಿಂತು ಖಾರಕ್ಕೆ ಏನೇನು ಅರೆಯುತ್ತೀರಿ ಎಂದು ಕೇಳುತ್ತಿದ್ದಳು. "ಊರಿಗೆ ಹೋಗಿ ಮಾಡ್ಬೇಕಕ್ಕ. ನಮ್ಮನೆಯವ್ರು ಊಟದ ಬಗ್ಗೆ ಒಂದು ಮಾತೂ ಆಡಲ್ಲ. ಚೆನ್ನಾಗಿದೆ ಅನ್ನಲ್ಲ, ಚೆನ್ನಾಗಿಲ್ಲ ಅನ್ನಲ್ಲ. ಇದನ್ನಾದ್ರೂ ತಿಂದು ಏನಾದ್ರೂ ಅಂತಾರೇನೋ." ಆಮೇಲೆ ಡೌಟಪ್ಪನ ಹೆಂಡತಿ ಗಂಡನಿಗೆ ಹೇಳಿದಳು: "ಆ ಮನುಷ್ಯ ಇಲ್ಲಿದ್ದೂ ಇಲ್ಲ ಕಣ್ರೀ. ತಟ್ಟೆ ನೋಡದೇ ತಿಂತಾನೆ." ಡೌಟಪ್ಪ ಹೂಂ ಎಂದ. ತಟ್ಟೆಯ ವಿಚಾರ ಅವನ ಇಲಾಖೆಯದಲ್ಲ.

ಅವರು ಊರಿಗೆ ಹೊರಡಬೇಕಿದ್ದ ದಿನ ಬೆಳಿಗ್ಗೆ ಗಂಡ ಒಬ್ಬನೇ ಬಂದ. ಹೆಗಲಲ್ಲಿ ಒಂದು ಬಟ್ಟೆಯ ಚೀಲವಿತ್ತು. ಕೊನೆಯ ಸಲ ಒಂದು ಮುಳುಗು ಹಾಕಿ ಹೋಗುತ್ತೇನೆ ಎಂದು ಕೇಳದಿದ್ದರೂ ಹೇಳಿದ. ಚಪ್ಪಲಿ ಕೊಟ್ಟು ಬಿಲ್ಲೆ ಈಸಿಕೊಂಡ. ಡೌಟಪ್ಪ ಎಂದಿನಂತೆ ಜೋಡಿಯನ್ನು ಹಲಗೆಯ ಅಂಚಿಗೆ ಪಟಪಟ ಬಡಿದ. ಗೂಡಿಗೆ ಸೇರಿಸುವ ಮೊದಲು ಮರಳು ಉದುರಿಸುವುದು ಅವನ ಪದ್ಧತಿ. ಉದುರಿದ ಮರಳು ಅವನ ಕಾಲ ಬಳಿ ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ದಿಬ್ಬವಾಗುತ್ತದೆ.

ಈ ಜೋಡಿಯಿಂದ ಒಂದು ಕಾಳೂ ಉದುರಲಿಲ್ಲ.

ಡೌಟಪ್ಪನ ಹುಬ್ಬು ಮೇಲೇರಿತು. ಲಾಡ್ಜಿನಿಂದ ಇಲ್ಲಿಗೆ ಬರಲು ಇರುವುದು ಮರಳಿನ ದಾರಿ. ಬೆಳಗಿನ ಹೊತ್ತು ಅದು ಒದ್ದೆಯಾಗಿರುತ್ತದೆ, ಅಟ್ಟೆಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ದಾರಿಯ ತುಂಬ ಒಡೆದ ಚಿಪ್ಪುಗಳಿರುವುದರಿಂದ ಬರಿಗಾಲಲ್ಲಿ ಯಾರೂ ಬರುವುದಿಲ್ಲ. ಅಂದಮೇಲೆ ಈ ಮನುಷ್ಯ ಬೇರೇನೋ ಮೆಟ್ಟಿಕೊಂಡು ಬಂದಿದ್ದಾನೆ, ಇವನ್ನು ಚೀಲದಲ್ಲಿ ತಂದಿದ್ದಾನೆ. ಬಗ್ಗಿ ಆ ಮನುಷ್ಯನ ಕಾಲು ನೋಡಿದ. ಕಣಕಾಲಿನ ಸುತ್ತ ಕಾಲುಚೀಲ ಒತ್ತಿದ ಗೆರೆ ಇನ್ನೂ ಹಸಿಯಾಗಿತ್ತು.

ಈಗ ಬೇರೆ ಯಾರಾದರೂ ಆಗಿದ್ದರೆ ಯಾಕಿರಬಹುದು ಎಂದು ಯೋಚಿಸುತ್ತಿದ್ದರು. ಡೌಟಪ್ಪ ಯೋಚಿಸಲಿಲ್ಲ, ಅವನಿಗೆ ತಕ್ಷಣ ಗೊತ್ತಾಗಿಹೋಯಿತು. ಚಪ್ಪಲಿ ಬದಲಿಸುವ ಕಳ್ಳ! ಬೂಟನ್ನು ಎಲ್ಲೋ ಬಚ್ಚಿಟ್ಟು, ಹಳೆಯ ಚಪ್ಪಲಿಯನ್ನು ಗೂಡಿಗೆ ಕೊಟ್ಟು, ಜನ ಮುಗಿಬಿದ್ದ ಹೊತ್ತಿನಲ್ಲಿ ಬಂದು 'ನನ್ನದು ಅದಲ್ಲ, ಇದು' ಎಂದು ಯಾರದೋ ಹೊಸ ಜೋಡಿ ಹೊಡೆಯುವ ಕಸುಬಿನವರನ್ನು ಅವನು ಬೇಕಾದಷ್ಟು ನೋಡಿದ್ದಾನೆ. ಇಸ್ತ್ರಿ ಅಂಗಿಯವರೇ ಜಾಸ್ತಿ. ನನ್ನ ಹತ್ತಿರವೇ ಈ ಆಟವಾ, ಬಾ ಮಗನೇ ಎಂದುಕೊಂಡು ಆ ಜೋಡಿಗೆ ಕೆಂಪು ದಾರ ಕಟ್ಟಿ ಬೇರೆಯೇ ಗೂಡಿನಲ್ಲಿಟ್ಟ. ಸ್ಟೂಲನ್ನು ತಿರುಗಿಸಿ ಸಮುದ್ರಕ್ಕೆ ಬೆನ್ನು ಮಾಡಿ, ಗೂಡುಗಳ ಕಡೆ ಮುಖ ಹಾಕಿ ಕೂತ. ಇಡೀ ಬೆಳಿಗ್ಗೆ ಹಾಗೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಕಳ್ಳ ಬರಲೇ ಇಲ್ಲ.

ಬಂದವಳು ಹಸಿರು ಛತ್ರಿಯವಳು. ಛತ್ರಿ ಬಿಚ್ಚಿರಲಿಲ್ಲ, ಬಿಸಿಲಲ್ಲೇ ಓಡಿ ಬಂದಿದ್ದಳು.

"ನಮ್ಮ ಯಜಮಾನ್ರು ಬಂದಿದ್ರಾ ಇಲ್ಲಿಗೆ?"

"ಬೆಳಿಗ್ಗೆ ಬಂದ್ರಲ್ಲಮ್ಮ. ಸ್ನಾನಕ್ಕೆ ಅಂದ್ರು."

"ಕಾಲಲ್ಲಿ ಬೂಟಿತ್ತಾ?"

ಎಂಥಾ ಪ್ರಶ್ನೆ ಇದು ಎಂದು ಡೌಟಪ್ಪನಿಗೆ ಅನ್ನಿಸಿತು. ಆದರೆ ಆ ಕ್ಷಣದಲ್ಲಿ ಅವನ ಕಣ್ಣು ಕೆಂಪು ದಾರದ ಮೇಲೆ ಬಿತ್ತು. ಬೆಳಿಗ್ಗೆ ಇಟ್ಟ ಜೋಡಿ, ಈಗ ಊಟದ ಹೊತ್ತು. ಕಳ್ಳನಿಗಾಗಿ ಕಾದವನಿಗೆ, ಗೂಡಿನಲ್ಲಿ ಉಳಿದ ಜೋಡಿಯೆಂದರೆ ಏನು ಎನ್ನುವುದೇ ಮರೆತುಹೋಗಿತ್ತು. ಎದ್ದುನಿಂತು ಸೀಟಿಯವನನ್ನು ಕೂಗಿದ. ಸೀಟಿಯವನೆಂದರೆ ದಡದ ಎತ್ತರದ ಕುರ್ಚಿಯಲ್ಲಿ ಕೂತು, ದೂರ ಹೋದವರಿಗೆ ಸೀಟಿ ಊದಿ ವಾಪಸ್ಸು ಕರೆಯುವ ಈಜುಗಾರ.

"ಕನ್ನಡಕದೋರಾ? ನಾನು ನೋಡೇ ಇಲ್ಲ ಮಾವ," ಎಂದ ಸೀಟಿಯವನು. ಹಾಗೆನ್ನುತ್ತಲೇ ನೀರಿಗೆ ಹಾರಿದ. ಎರಡು ದೋಣಿಗಳು ಇಳಿದವು. ದಡದಲ್ಲಿ ಜನ ಸೇರಿತು, ಮಕ್ಕಳನ್ನು ನೀರಿನಿಂದ ಎಳೆದುಕೊಂಡರು. ಪೊಲೀಸಪ್ಪ ಸೈಕಲ್ಲು ತಳ್ಳಿಕೊಂಡು ಮರಳಿನಲ್ಲಿ ಏದುಸಿರು ಬಿಡುತ್ತಾ ಬಂದ. ಡೌಟಪ್ಪನ ಹೆಂಡತಿ ಕಾವಲಿ ಕೆಳಗಿಳಿಸಿ ಆ ಹೆಂಗಸನ್ನು ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದಳು.

"ನೀರಿಗಿಳಿದಿದ್ದನ್ನ ನೀನು ನೋಡಿದ್ಯಾ?" ಎಂದು ಪೊಲೀಸಪ್ಪ ಕೇಳಿದ.

"ಇಲ್ಲ ಸಾರ್. ನಾನು ಗೂಡು ನೋಡ್ತಾ ಇದ್ದೆ."

"ಇಡೀ ಬೆಳಿಗ್ಗೆ?"

"ಇಡೀ ಬೆಳಿಗ್ಗೆ ಸಾರ್."

ಯಾರೋ ಕಿಸಕ್ಕೆಂದರು. ಡೌಟಪ್ಪನಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆದರೆ ನಾಚಿಕೆಯ ಅಡಿಯಲ್ಲಿ ಇನ್ನೇನೋ ಕುಟುಕುತ್ತಿತ್ತು. ಆ ಹೆಂಗಸು ಯಾಕೆ ಮೊದಲು ಬೂಟಿನ ವಿಷಯ ಕೇಳಿದಳು? ಮುಳುಗಲು ಬಂದವನು, ಈಜಲು ಬಂದವನು, ಯಾರೇ ಆಗಲಿ, ಚಪ್ಪಲಿಯನ್ನು ಚೀಲದಲ್ಲಿ ಯಾಕೆ ತರುತ್ತಾನೆ? ಆ ಚೀಲ ಎಲ್ಲಿ? ಜನರೆಲ್ಲ ನೀರಿನ ಕಡೆ ನೋಡುತ್ತಿದ್ದಾಗ ಅವನು ಮೆಲ್ಲಗೆ ಸೂರಿನ ಹಿಂದಕ್ಕೆ ಸರಿದು, ಬಂಡೆ ಹತ್ತಿ, ಗುಡ್ಡದ ದಾರಿ ಹಿಡಿದ.

ದಾರಿ ಶುರುವಾಗುವಲ್ಲಿ ಒಂದು ಮುಳ್ಳಿನ ಪೊದೆಯಿದೆ. ಅಲ್ಲಿ ನೆಲ ಮೆತ್ತಗೆ. ಬಂಡೆಯ ಕಡೆಯಿಂದ ಪೊದೆಯವರೆಗೆ ಬರಿಗಾಲಿನ ಗುರುತು ಬಂದಿತ್ತು. ಪೊದೆಯಿಂದ ಮುಂದಕ್ಕೆ ಬೂಟಿನ ಗುರುತು ಹೋಗಿತ್ತು. ಪೊದೆಯ ಒಂದು ಕಡ್ಡಿಗೆ, ನಡೆದುಹೋಗುವವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಅವನ ಬಿಲ್ಲೆ ನೇತಾಡುತ್ತಿತ್ತು. ಇನ್ನೊಬ್ಬರ ವಸ್ತು ತನಗೆ ಬೇಡವೆಂದು ಆ ಮನುಷ್ಯ ಮರ್ಯಾದೆಯಿಂದ ನೇತುಹಾಕಿ ಹೋಗಿದ್ದ.

ಡೌಟಪ್ಪ ಅಷ್ಟಕ್ಕೆ ನಂಬುವವನಲ್ಲ. ಗುರುತು ಹಿಡಿದು ಗುಡ್ಡ ಹತ್ತಿದ. ಅಂಚಿನಲ್ಲಿ ಕಾಲು ಜಾರಿ ಬಿದ್ದಿದ್ದರೆ? ಇಲ್ಲ. ಬೂಟು ಅಂಚಿನ ಹತ್ತಿರಕ್ಕೂ ಹೋಗಿರಲಿಲ್ಲ. ಸಮುದ್ರ ನೋಡಲು ಒಂದು ಕಡೆಯೂ ನಿಂತಿರಲಿಲ್ಲ. ಗುಡ್ಡ ಇಳಿದು, ಬಸ್ಸು ನಿಲ್ಲುವ ದೊಡ್ಡ ರಸ್ತೆಯ ಡಾಂಬರಿನವರೆಗೆ ನೆಟ್ಟಗೆ ಹೋಗಿ ಅಲ್ಲಿ ಮಾಯವಾಗಿತ್ತು. ಇಸ್ತ್ರಿ ಅಂಗಿಯ ಮನುಷ್ಯ ಕಾಲಿಗೆ ಬುದ್ಧಿ ಹೇಳಿದ್ದ. ಹೆಂಡತಿಗೆ ಒಂದು ಮಾತು ಹೇಳದೆ, ಸಮುದ್ರದ ತಲೆಗೆ ಅಪವಾದ ಕಟ್ಟಿ, ಹಳೆಯ ಚಪ್ಪಲಿ ಜೋಡಿಯೊಂದನ್ನು ತನ್ನ ಹೆಣವೆಂದು ಬಿಟ್ಟುಹೋಗಿದ್ದ. ಡೌಟಪ್ಪನಿಗೆ ಮೈಯೆಲ್ಲ ಉರಿಯಿತು. ಅಂಥವನ ಚಪ್ಪಲಿಯನ್ನು ತಾನು ಕಳ್ಳರಿಂದ ಕಾದೆನಲ್ಲ ಎಂದು ಇನ್ನೂ ಉರಿಯಿತು.

ವಾಪಸ್ಸು ಬರುತ್ತಾ ಬಿಲ್ಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ. ಊರು ನಗುತ್ತಿದ್ದ ಅವನ ಅನುಮಾನ ಈ ಸಲ ನಿಜವಾಗಿತ್ತು. ಇಡೀ ಊರನ್ನು ನಿಲ್ಲಿಸಿ ಹೇಳಬಹುದಿತ್ತು. ನಕ್ಕವರ ಬಾಯಿ ಮುಚ್ಚಿಸಬಹುದಿತ್ತು. ಆದರೆ ಹೇಳುವುದು ಯಾರ ಎದುರಿಗೆ? ಬೆಂಚಿನ ಮೇಲೆ ಕೂತ ಆ ಹೆಂಗಸಿನ ಎದುರಿಗೆ, ಅಷ್ಟು ಜನರ ನಡುವೆ, 'ನಿಮ್ಮ ಯಜಮಾನ್ರು ಸತ್ತಿಲ್ಲಮ್ಮ, ನೀವು ಬೇಡ ಅಂತ ಹೋಗಿದ್ದಾರೆ' ಎಂದು? ಹೇಳದಿದ್ದರೆ, ಬದುಕಿರುವವನಿಗಾಗಿ ಅವಳು ಜೀವಮಾನವಿಡೀ ಅಳಬೇಕು.

ದೋಣಿಗಳು ಅಷ್ಟರಲ್ಲಿ ಬರಿಗೈಯಲ್ಲಿ ಮರಳಿದ್ದವು. ಸೀಟಿಯವನು ಮರಳಿನ ಮೇಲೆ ಅಂಗಾತ ಬಿದ್ದು ಉಸಿರು ತೆಗೆಯುತ್ತಿದ್ದ. ಪೊಲೀಸಪ್ಪ ಅವನ ಪಕ್ಕ ಕೂತು ಏನೋ ಕೇಳುತ್ತಿದ್ದ. ಹಸಿರು ಛತ್ರಿಯ ಹೆಂಗಸು ಒಬ್ಬಳೇ ಸೂರಿನ ಕೆಳಗೆ ಬಂದು, ಕೆಂಪು ದಾರದ ಜೋಡಿಯ ಎದುರು ನಿಂತಿದ್ದಳು. ಒಂದು ಚಪ್ಪಲಿಯನ್ನು ತಿರುಗಿಸಿ ಅಟ್ಟೆಯ ಮೇಲೆ ಬೆರಳಾಡಿಸಿದಳು. ಬೆರಳನ್ನು ನೋಡಿಕೊಂಡಳು.

"ಮರಳೇ ಇಲ್ಲ," ಎಂದಳು.

ಡೌಟಪ್ಪ ಬಿಲ್ಲೆಯನ್ನು ಹಲಗೆಯ ಮೇಲೆ ಅವಳ ಕಡೆಗೆ ಸರಿಸಿದ.

"ಎಲ್ಲಿ ಸಿಕ್ತು?"

"ಗುಡ್ಡದ ದಾರೀಲಿ. ಪೊದೇಲಿ ನೇತುಹಾಕಿದ್ರು. ರಸ್ತೆವರೆಗೂ ಹೋಗಿ ನೋಡ್ಕೊಂಡು ಬಂದೆ ತಾಯಿ. ಬೂಟಿನ ಗುರುತಿದೆ," ಎಂದ.

ಅವಳು ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ. "ಬೆಳಿಗ್ಗೆ ಎದ್ದಾಗ ಮಂಚದ ಕೆಳಗೆ ಬೂಟಿರಲಿಲ್ಲ," ಎಂದಳು. "ಆಗ್ಲೇ ಅನ್ನಿಸ್ತು. ಆದ್ರೂ ಊಟದ ಹೊತ್ತಿನವರೆಗೂ ಕಾದು ಓಡಿ ಬಂದೆ. ನೀರಲ್ಲೇ ಇರ್ಲಿ ದೇವ್ರೇ ಅಂತ ಬೇಡ್ಕೊಂಡು ಬಂದೆ ನೋಡಿ. ಯಾವ ಹೆಂಡತಿ ಬೇಡ್ಕೋತಾಳೆ ಹಾಗೆ?"

"ಪೊಲೀಸಿನವರಿಗೆ ಹೇಳೋಣಮ್ಮ. ಬಸ್ಸು ಹಿಡಿದಿರ್ತಾರೆ, ಹುಡುಕಿ ತರ್ತಾರೆ."

"ತಂದು?"

ಡೌಟಪ್ಪ ಹಲಗೆಯ ಮೇಲಿನ ಮರಳನ್ನು ಅಂಗೈಯಿಂದ ಒರೆಸಿದ.

"ಬಿಟ್ಟು ಹೋದ್ರು ಅಂದ್ರೆ ಇಡೀ ಬಳಗ ನನ್ನನ್ನೇ ಕೇಳತ್ತೆ. ಯಾಕೆ ಹೋದ್ರು, ನೀನೇನು ಮಾಡಿದೆ ಅಂತ. ನಾನೂ ನನ್ನನ್ನ ಕೇಳ್ಕೋತಾನೇ ಇರ್ತೀನಿ. ಬಾಗಿಲು ಸದ್ದಾದಾಗೆಲ್ಲ ಎದ್ದು ನೋಡ್ತೀನಿ. ಸಮುದ್ರ ಅಂದ್ರೆ ಯಾರೂ ಏನೂ ಕೇಳಲ್ಲ." ಅವಳು ಬಿಲ್ಲೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಬಿಲ್ಲೆ ಕೊಟ್ಟವರಿಗೆ ಚಪ್ಪಲಿ, ಅಲ್ವಾ?"

ಅದು ಅವನದೇ ಕಾನೂನು. ಅಳಿಯನಿಗೂ ಬಿಟ್ಟುಕೊಡದ ಕಾನೂನು. ಅವನು ಕೆಂಪು ದಾರ ಬಿಚ್ಚಿ ಜೋಡಿಯನ್ನು ಅವಳ ಕೈಗಿಟ್ಟ.

ಅವಳು ನೆಟ್ಟಗೆ ನೀರಿನಂಚಿಗೆ ನಡೆದಳು. ಪಾಪ, ಕೊನೆಯ ಸಲ ಸಮುದ್ರವನ್ನು ನೋಡುತ್ತಾಳೆ ಎಂದು ಜನ ದಾರಿ ಬಿಟ್ಟರು. ಅವಳು ಬಗ್ಗಿ ಎರಡೂ ಚಪ್ಪಲಿಯನ್ನು ಅಲೆಯಲ್ಲಿ ಅದ್ದಿದಳು. ಆಮೇಲೆ ಒದ್ದೆ ಮರಳಿನ ಮೇಲಿಟ್ಟು, ತನ್ನ ಸಣ್ಣ ಪಾದಗಳನ್ನು ಅದರೊಳಗೆ ತೂರಿಸಿ, ಒಮ್ಮೆ ಬಲವಾಗಿ ತುಳಿದಳು. ಮತ್ತೊಮ್ಮೆ ತುಳಿದಳು. ದುಃಖಕ್ಕೆ ಹಾಗೆ ಮಾಡುತ್ತಾಳೆ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಏನು ಮಾಡುತ್ತಿದ್ದಾಳೆಂದು ಆ ದಡದಲ್ಲಿ ತಿಳಿದದ್ದು ಒಬ್ಬನಿಗೆ. ಅವನು ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದ.

"ಇವೇ ಸಾರ್," ಎಂದು ಅವಳು ಚಪ್ಪಲಿಗಳನ್ನು ಪೊಲೀಸಪ್ಪನ ಕೈಗೆ ಕೊಟ್ಟಳು. "ನಮ್ಮ ಯಜಮಾನ್ರವು. ಅವರಿಗೆ ಈಜು ಬರ್ತಿರ್ಲಿಲ್ಲ." ಪೊಲೀಸಪ್ಪ ಅವನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡ. ಅಟ್ಟೆಯಿಂದ ಹಸಿ ಮರಳು ಉದುರಿ ಅವನ ಬೂಟಿನ ಮೇಲೆ ಬಿತ್ತು.

ಸಂಜೆ ಡೌಟಪ್ಪ ಸೂರಿಗೆ ಬೀಗ ಹಾಕಿದ. ಹೆಂಡತಿ ಕಾವಲಿ ತಲೆಗೇರಿಸಿಕೊಂಡು ಸಿದ್ಧವಾಗಿದ್ದಳು. ಅವನು ಮುಂದೆ ಹೋಗಲಿ ಎಂದು ಅಭ್ಯಾಸದಂತೆ ನಿಂತಳು. ಅವನು ಹೋಗಲಿಲ್ಲ. ಅವಳ ತಲೆಯ ಮೇಲಿನ ಕಾವಲಿಯನ್ನು ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡು, ಅವಳ ಪಕ್ಕಕ್ಕೆ ಬಂದು ನಿಂತ.

"ಏನ್ರೀ ಇದು?"

"ಏನಿಲ್ಲ, ನಡಿ."

"ಏನಿಲ್ಲ ಅಂದ್ರೆ? ಮಧ್ಯಾಹ್ನ ಎಲ್ಲಿಗೆ ಹೋಗಿದ್ರಿ? ಗುಡ್ಡ ಇಳಿದು ಬಂದಿದ್ದನ್ನ ನಾನು ನೋಡ್ಲಿಲ್ಲ ಅಂದ್ಕೊಂಡ್ರಾ?"

"ಸುಮ್ನೆ ಹೋಗಿದ್ದೆ ಕಣೇ."

ಸುಮ್ಮನೆ ಎಲ್ಲಿಗೂ ಹೋಗುವವನಲ್ಲ ಅವನು ಎನ್ನುವುದು ಅವಳಿಗೆ ಗೊತ್ತಿಲ್ಲವೇ? ಇಬ್ಬರೂ ಮರಳಿನ ದಾರಿಯಲ್ಲಿ ಜೊತೆಜೊತೆಯಾಗಿ ನಡೆದರು. ಅವಳು ಹಿಂದೆ ಬಿದ್ದಾಗಲೆಲ್ಲ ಅವನು ನಿಂತು ತಿರುಗಿ ನೋಡಿದ. ಹಾಗೆ ನೋಡಿದಷ್ಟೂ ಅವಳ ಮುಖ ಗಟ್ಟಿಯಾಗುತ್ತಾ ಹೋಯಿತು. ಮನೆಯ ಮೆಟ್ಟಿಲ ಹತ್ತಿರ ಅವಳಿಗೆ ತಡೆಯಲಾಗಲಿಲ್ಲ.

"ನಿಜ ಹೇಳಿ. ನೀವೆಲ್ಲಾದ್ರೂ ಹೋಗೋ ಯೋಚ್ನೆ ಮಾಡಿದ್ದೀರಾ?"

"ಇಲ್ವೇ," ಎಂದ ಡೌಟಪ್ಪ.

ಅವಳು ಅವನ ಮುಖ ನೋಡಲಿಲ್ಲ. ಬಗ್ಗಿ, ಅವನು ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಯನ್ನು ಎತ್ತಿ, ಅಟ್ಟೆ ತಿರುಗಿಸಿ ನೋಡಿದಳು.